‘ನೋವು ಹೋಗೋವರೆಗೂ ನಿದ್ದೆ ಬರಲ್ಲ’ ಅನ್ನುವ ಮಾತು

(ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಒಂದು ಚಿಕ್ಕ ಪ್ರಶ್ನೆ. ನಿನ್ನೆ ರಾತ್ರಿ ಮಧ್ಯೆ ಎಚ್ಚರವಾಗಿ, ಗಂಟೆ ಎಷ್ಟು ಅಂತ ನೋಡಿದವರು ಕೈ ಎತ್ತಿ. ಪರವಾಗಿಲ್ಲ, ಅರ್ಧ ಸಭೆ ಕೈ ಎತ್ತಿದೆ. ನೋಡಿದ ಮೇಲೆ ‘ಇನ್ನು ಎಷ್ಟು ಗಂಟೆ ಮಲಗಬಹುದು’ ಅಂತ ಲೆಕ್ಕ ಹಾಕದೆ ಇದ್ದವರು ಕೈ ಇಳಿಸಿ. ನೋಡಿ, ಒಬ್ಬರೂ ಇಳಿಸಲಿಲ್ಲ. ಇವತ್ತಿನ ಮಾತೆಲ್ಲ ಆ ಲೆಕ್ಕದ ಬಗ್ಗೆಯೇ.

ದೀರ್ಘಕಾಲದ ನೋವು ಇರುವವರಿಗೆ ನಿದ್ದೆಯ ವಿಷಯದಲ್ಲಿ ನೆರವಾಗುವುದು ನನ್ನ ಕೆಲಸ. ಮೂರು ತಿಂಗಳು ಮೀರಿಯೂ ಬಿಡದ ನೋವನ್ನು, ಅಥವಾ ಹೋಗಿ ಹೋಗಿ ಮತ್ತೆ ಬರುವ ನೋವನ್ನು ದೀರ್ಘಕಾಲದ ನೋವು ಅನ್ನುತ್ತೇವೆ. ಸೊಂಟ, ಕುತ್ತಿಗೆ, ಮಂಡಿ, ತಲೆ, ಕೆಲವರಿಗೆ ಇಡೀ ಮೈ. ನಿದ್ರಾಹೀನತೆಗೂ ಅಂಥದ್ದೇ ಒಂದು ಅಳತೆ ಇದೆ. ಮಲಗಲು ಸಾಕಷ್ಟು ಸಮಯವಿದ್ದೂ ವಾರಕ್ಕೆ ಕನಿಷ್ಠ 3 ರಾತ್ರಿ ನಿದ್ದೆ ಕೆಡಬೇಕು, ಅದು 3 ತಿಂಗಳು ಮುಂದುವರಿಯಬೇಕು, ಹಗಲಿನ ಕೆಲಸಕ್ಕೂ ಅದರ ಬಿಸಿ ತಟ್ಟಬೇಕು. ಈ ಎರಡೂ ತೊಂದರೆ ಒಬ್ಬರಲ್ಲೇ ಇರುವುದು ತುಂಬಾ ಸಾಮಾನ್ಯ. ಎಷ್ಟು ಸಾಮಾನ್ಯ ಅಂದರೆ, ನೋವಿದೆ ಅಂದಮೇಲೆ ನಿದ್ದೆ ಕೆಡೋದು ಸಹಜ ಬಿಡಿ ಅಂತ ಎಲ್ಲರೂ ಅಂದುಕೊಂಡುಬಿಡುತ್ತಾರೆ. ವೈದ್ಯರೂ ಎಷ್ಟೋ ಸಲ ಹಾಗೇ ಅಂದುಕೊಳ್ಳುತ್ತಾರೆ.

ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು ಒಂದೇ. ‘ನೋವು ಹೋದ್ರೆ ನಿದ್ದೆ ತಾನಾಗೇ ಬರುತ್ತೆ. ನೀವು ನಿದ್ದೆ ವಿಷಯ ಬಿಡಿ, ನೋವಿಗೆ ಏನಾದ್ರೂ ಮಾಡಿ.’ ಈ ಮಾತು ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ಕೆಲಸ ಸುಲಭವಿತ್ತು. ಅರ್ಧ ನಿಜವಾದ ಮಾತನ್ನು ಮನಸ್ಸಿನಿಂದ ಬಿಡಿಸುವುದೇ ಕಷ್ಟ.

ಒಬ್ಬರ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಾಲ್ಕು ವರ್ಷದಿಂದ ಸೊಂಟನೋವು ಇದ್ದ ಹೆಂಗಸು. ರಾತ್ರಿ ಒಂಬತ್ತೂವರೆಗೇ ಹಾಸಿಗೆಗೆ ಹೋಗುತ್ತಿದ್ದರು. ನಿದ್ದೆ ಬಂದು ಅಲ್ಲ, ‘ಬೇಗ ಮಲಗಿದ್ರೆ ಒಂದಷ್ಟಾದ್ರೂ ಸಿಗುತ್ತೆ’ ಅಂತ. ಮಂಡಿಗಳ ನಡುವೆ ಒಂದು ದಿಂಬು, ಸೊಂಟದ ಹಿಂದೆ ಒಂದು, ಕೈಗೆ ಸಿಗುವ ಹಾಗೆ ಬಿಸಿನೀರಿನ ಚೀಲ, ಪಕ್ಕದಲ್ಲಿ ಮೊಬೈಲ್. ಹನ್ನೊಂದರ ಹೊತ್ತಿಗೆ ಕಣ್ಣು ಹತ್ತುತ್ತದೆ. ಎರಡೂ ಮುಕ್ಕಾಲಿಗೆ ಎಚ್ಚರ. ಮೊದಲ ಕೆಲಸ, ಮೊಬೈಲ್ ಒತ್ತಿ ಗಂಟೆ ನೋಡುವುದು. ಎರಡನೆಯದು, ಸೊಂಟವನ್ನು ಸ್ವಲ್ಪ ಆಡಿಸಿ ನೋವು ಇದೆಯಾ ಅಂತ ಪರೀಕ್ಷೆ ಮಾಡುವುದು. ಇದೆ. ಇಲ್ಲದೆ ಎಲ್ಲಿ ಹೋಗುತ್ತದೆ? ಅಲ್ಲಿಂದ ಲೆಕ್ಕ ಶುರು. ‘ಮೂರು ಗಂಟೆಯೊಳಗೆ ನಿದ್ದೆ ಬಂದ್ರೆ ಆರರವರೆಗೆ ಮೂರು ಗಂಟೆ. ಬರದಿದ್ರೆ ನಾಳೆ ಸೊಂಟ ಹಿಡ್ಕೊಳ್ಳುತ್ತೆ. ಹಿಡ್ಕೊಂಡ್ರೆ ಕೆಲಸಕ್ಕೆ ಹೋಗಕ್ಕಾಗಲ್ಲ. ಹೀಗೇ ಆದ್ರೆ ಕೆಲಸಾನೇ ಬಿಡಬೇಕಾಗುತ್ತೆ.’ ಎರಡೂ ಮುಕ್ಕಾಲರಿಂದ ಮೂರು ಗಂಟೆಯೊಳಗೆ ಅವರು ಮನಸ್ಸಿನಲ್ಲೇ ಕೆಲಸ ಕಳೆದುಕೊಂಡು, ಮನೆಯವರಿಗೆ ಭಾರವಾಗಿ ಕೂತಾಗಿರುತ್ತದೆ.

ಈಗ ನನ್ನ ಪ್ರಶ್ನೆ. ಅವರನ್ನು ಎಬ್ಬಿಸಿದ್ದು ನೋವೇ ಇರಬಹುದು. ಮತ್ತೆ ಮಲಗಲು ಬಿಡದೆ ಇಟ್ಟಿದ್ದು ಯಾವುದು?

ನಿದ್ದೆಯಲ್ಲಿ ಎಚ್ಚರವಾಗುವುದು ಕಾಯಿಲೆಯಲ್ಲ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಬರುತ್ತದೆ. ಸುತ್ತಿನಿಂದ ಸುತ್ತಿಗೆ ದಾಟುವಾಗ ಎಲ್ಲರಿಗೂ ಚೂರುಪಾರು ಎಚ್ಚರವಾಗುತ್ತದೆ. ಚೆನ್ನಾಗಿ ಮಲಗುವವರಿಗೆ ಬೆಳಗ್ಗೆ ಅದು ನೆನಪೇ ಇರುವುದಿಲ್ಲ. ನೋವಿರುವವರಿಗೆ ಅಂಥ ಎಚ್ಚರಗಳು ಜಾಸ್ತಿ, ಅದು ನಿಜ. ಆದರೆ ಎರಡು ನಿಮಿಷದ ಎಚ್ಚರವನ್ನು ಎರಡು ಗಂಟೆಗೆ ಎಳೆಯುವುದು ಬಹಳ ಸಲ ಆ ಲೆಕ್ಕ.

ಇದು ನನ್ನ ಊಹೆಯಲ್ಲ. 2012ರಲ್ಲಿ ನಿಕೋಲ್ ಟ್ಯಾಂಗ್ ಮತ್ತು ಜೊತೆಗಾರರು ದೀರ್ಘಕಾಲದ ನೋವಿದ್ದ 119 ಜನರನ್ನು ಒಂದು ವಾರ, ಅವರವರ ಮನೆಯಲ್ಲೇ, ದಿನಚರಿ ಬರೆಸಿ, ಕೈಗೆ ಚಲನೆ ಅಳೆಯುವ ಯಂತ್ರ ಕಟ್ಟಿ ಗಮನಿಸಿದರು. ಮಲಗುವಾಗ ನೋವು ಎಷ್ಟಿತ್ತು ಅನ್ನುವುದರಿಂದ ಆ ರಾತ್ರಿಯ ನಿದ್ದೆ ಹೇಗಿರುತ್ತದೆ ಅಂತ ನಂಬಿಕೆಯಿಂದ ಹೇಳಲು ಆಗಲಿಲ್ಲ. ಮಲಗುವ ಮುಂಚೆ ತಲೆಯೊಳಗೆ ಎಷ್ಟು ಓಟ ನಡೆದಿತ್ತು ಅನ್ನುವುದು ಅದಕ್ಕಿಂತ ಚೆನ್ನಾಗಿ ಹೇಳಿತು. ಇನ್ನೊಂದು ಸಂಗತಿಯೂ ಕಂಡಿತು. ರಾತ್ರಿ ನಿದ್ದೆ ಚೆನ್ನಾಗಿ ಆದರೆ ಮರುದಿನ ನೋವು ಕಡಿಮೆ. ಆದರೆ ಆ ಉಪಕಾರ ದಿನದ ಮೊದಲ ಅರ್ಧದಲ್ಲಿ ಮಾತ್ರ, ಆಮೇಲೆ ಕರಗಿಹೋಗುತ್ತಿತ್ತು. ಈ ಕೊನೆಯ ತುಣುಕು ನನಗೆ ಇಷ್ಟ. ‘ಚೆನ್ನಾಗಿ ಮಲಗಿದೆ, ಆದ್ರೂ ಸಂಜೆ ನೋವು ಬಂತಲ್ಲ, ಹಾಗಾದ್ರೆ ನಿದ್ದೆಗೂ ನೋವಿಗೂ ಸಂಬಂಧ ಇಲ್ಲ’ ಅಂತ ಜನ ಅಂದುಕೊಳ್ಳುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ.

ಮರುವರ್ಷ, 2013ರಲ್ಲಿ, ಪ್ಯಾಟ್ರಿಕ್ ಫೈನನ್ ಮತ್ತಿಬ್ಬರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವರಿಗೆ ಕಂಡದ್ದೂ ಇದೇ ದಿಕ್ಕು. ನೋವು ನಿದ್ದೆಯನ್ನು ಕೆಡಿಸುವುದಕ್ಕಿಂತ, ಕೆಟ್ಟ ನಿದ್ದೆ ನೋವನ್ನು ಹೆಚ್ಚಿಸುವುದಕ್ಕೆ ಸಿಗುವ ಸಾಕ್ಷಿ ಬಲವಾದದ್ದು. ನಾವೆಲ್ಲ ಬಾಣದ ಗುರುತನ್ನು ಒಂದೇ ಕಡೆಗೆ ಹಾಕಿಕೊಂಡಿದ್ದೆವು. ಅದು ಎರಡೂ ಕಡೆಗೆ ಇದೆ, ನಾವು ಮರೆತ ಕಡೆಗೇ ದಪ್ಪವಾಗಿದೆ.

ಮೈಯೊಳಗೆ ಏನಾಗುತ್ತದೆ? ನೋವಿನ ಸುದ್ದಿ ಮಿದುಳಿಗೆ ಬಂದಾಗ ಅದರ ಸದ್ದು ಇಳಿಸುವ ವ್ಯವಸ್ಥೆಯೊಂದು ನಮ್ಮಲ್ಲಿದೆ. 2007ರಲ್ಲಿ ಮೈಕಲ್ ಸ್ಮಿತ್ ತಂಡ ಆರೋಗ್ಯವಂತ ಹೆಂಗಸರನ್ನು ಕರೆದು, ಕೆಲವರನ್ನು ರಾತ್ರಿಯಿಡೀ ಆಗಾಗ ಎಬ್ಬಿಸಿದರು. ಇನ್ನು ಕೆಲವರಿಗೆ ಅಷ್ಟೇ ಹೊತ್ತಿನ ನಿದ್ದೆಯನ್ನು ಒಂದೇ ಗಂಟಾಗಿ ಮಲಗಲು ಬಿಟ್ಟರು. ಪದೇ ಪದೇ ಎಚ್ಚರವಾದವರಲ್ಲಿ ಈ ಸದ್ದು ಇಳಿಸುವ ಶಕ್ತಿ ಕುಗ್ಗಿತು, ತಾನಾಗೇ ಮೈನೋವು ಕಾಣಿಸಿಕೊಂಡಿತು. ಅಂದರೆ ಎಷ್ಟು ಗಂಟೆ ಅನ್ನುವುದಕ್ಕಿಂತ ಎಷ್ಟು ತುಂಡಾಯಿತು ಅನ್ನುವುದು ಮುಖ್ಯವಾಯಿತು. 2019ರಲ್ಲಿ ಆಡಮ್ ಕ್ರೌಸ್, ಮ್ಯಾಥ್ಯೂ ವಾಕರ್ ತಂಡ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಿದುಳನ್ನು ಸ್ಕ್ಯಾನ್ ಮಾಡಿತು. ನೋವನ್ನು ಗ್ರಹಿಸುವ ಭಾಗ ಜೋರಾಗಿತ್ತು, ಅದನ್ನು ತೂಗಿ ತಗ್ಗಿಸಲು ನೆರವಾಗುವ ಭಾಗಗಳು ಮಂಕಾಗಿದ್ದವು. ಕಾಯಿಲೆಯೇ ಇಲ್ಲದ ಮೈಯಲ್ಲಿ ಹೀಗೆ. ಮೊದಲೇ ನೋಯುತ್ತಿರುವ ಸೊಂಟದ ಕಥೆ ಏನು?

ಇಷ್ಟು ಹೇಳಿದರೆ ಸಭೆಯಲ್ಲಿ ಯಾರಾದರೂ ಗಾಬರಿಯಾಗುತ್ತಾರೆ. ‘ಅಯ್ಯೋ, ಹಾಗಾದ್ರೆ ಇವತ್ತು ಮಲಗಲೇಬೇಕು!’ ಅದೇ ಬೇಡ ಅನ್ನುವುದು. ನಿದ್ದೆಯ ಬಗ್ಗೆ ಒಳ್ಳೆಯ ಮಾಹಿತಿಯೂ ರಾತ್ರಿ ಎರಡೂ ಮುಕ್ಕಾಲಿಗೆ ಹೆದರಿಕೆಯಾಗಿ ತಿರುಗಿಕೊಳ್ಳಬಹುದು. ಎಷ್ಟೋ ಜನ ನಿದ್ದೆಯ ಮಹತ್ವದ ವಿಡಿಯೋಗಳನ್ನು ನೋಡಿ ನೋಡಿಯೇ ನಿದ್ದೆ ಕಳೆದುಕೊಂಡಿದ್ದಾರೆ. ನಾನೂ ಇವತ್ತು ಅಂಥದ್ದೇ ಕೆಲಸ ಮಾಡುತ್ತಿದ್ದೇನಾ ಅನ್ನುವ ಅನುಮಾನ ನನಗಿದೆ, ಇರಲಿ.

ನಿದ್ದೆಯ ಬಗ್ಗೆ ನಾವು ಇಟ್ಟುಕೊಂಡ ನಂಬಿಕೆಗಳೇ ನಿದ್ದೆ ಕೆಡಿಸುತ್ತವೆ ಅನ್ನುವ ವಿಚಾರವನ್ನು ಅಳತೆಗೆ ತಂದವರು ಕೆನಡಾದ ಚಾರ್ಲ್ಸ್ ಮೊರಿನ್. 1993ರಲ್ಲಿ ಅವರು 30 ವಾಕ್ಯಗಳ ಪಟ್ಟಿ ಮಾಡಿದರು. 2007ರಲ್ಲಿ ಅದು 16 ವಾಕ್ಯಕ್ಕೆ ಇಳಿಯಿತು. ಒಂದೊಂದು ವಾಕ್ಯವನ್ನೂ ಎಷ್ಟು ಒಪ್ಪುತ್ತೀರಿ ಅಂತ 0ಯಿಂದ 10ರವರೆಗೆ ಗುರುತಿಸಬೇಕು. ಎಂಟು ಗಂಟೆ ಬೇಕೇ ಬೇಕು, ಒಂದು ರಾತ್ರಿ ಕೆಟ್ಟರೆ ವಾರವೆಲ್ಲ ಕೆಡುತ್ತದೆ, ಇಂಥ ಜಾತಿಯ ನಂಬಿಕೆಗಳು. ಆದರೆ ನೋವಿರುವವರಿಗೆ ಈ ಪಟ್ಟಿ ಪೂರ್ತಿ ಹೊಂದುತ್ತಿರಲಿಲ್ಲ. ಅವರ ತಲೆಯಲ್ಲಿ ಓಡುವ ಮಾತುಗಳಲ್ಲಿ ನೋವು ಬೆರೆತೇ ಇರುತ್ತದೆ. ಹಾಗಾಗಿ 2016ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಎಸ್ತರ್ ಅಫೊಲಾಲು, ನಿಕೋಲ್ ಟ್ಯಾಂಗ್ ಮತ್ತಿತರರು ನೋವಿರುವವರಿಗೆಂದೇ 10 ವಾಕ್ಯಗಳ ಬೇರೆ ಪಟ್ಟಿ ಮಾಡಿದರು. ನಿದ್ದೆ ಕೆಡಲು ನೋವೇ ಮುಖ್ಯ ಕಾರಣ, ನೋವಿರುವಷ್ಟು ದಿನ ಇದು ತಪ್ಪಿದ್ದಲ್ಲ ಅನ್ನುವ ಧಾಟಿಯ ನಂಬಿಕೆಗಳನ್ನು ಅದು ಅಳೆಯುತ್ತದೆ. ಈ ನಂಬಿಕೆ ಗಟ್ಟಿಯಾಗಿರುವವರಲ್ಲಿ ನಿದ್ರಾಹೀನತೆಯೂ ಜಾಸ್ತಿ ಕಂಡಿತು. ನಿದ್ದೆಗೆ ಚಿಕಿತ್ಸೆ ಪಡೆದ ಮೇಲೆ ಅಂಕ ಇಳಿಯಿತು. ನನಗೆ ಮುಖ್ಯ ಅನಿಸಿದ್ದು ಅದು. ನೋವಿನ ಹಾಗೆ ಹಟ ಹಿಡಿದು ಕೂರುವ ವಸ್ತುವಲ್ಲ ನಂಬಿಕೆ. ಬದಲಾಗುತ್ತದೆ.

ನಂಬಿಕೆ ನಿದ್ದೆಯನ್ನು ಹೇಗೆ ಕೆಡಿಸುತ್ತದೆ? ಆಲಿಸನ್ ಹಾರ್ವೆ 2002ರಲ್ಲಿ ಅದರ ದಾರಿಯನ್ನು ಬಿಡಿಸಿ ತೋರಿಸಿದರು. ಚಿಂತೆ ಹುಟ್ಟುತ್ತದೆ, ಮೈ ಎಚ್ಚೆತ್ತುಕೊಳ್ಳುತ್ತದೆ. ಅಪಾಯವಿದೆ ಅನಿಸಿದ ಮೇಲೆ ನಾವು ಕಾವಲು ಕಾಯತೊಡಗುತ್ತೇವೆ. ಎದೆ ಬಡಿತ, ಹೊರಗಿನ ಸದ್ದು, ಗಡಿಯಾರ, ನೋವಿರುವವರಿಗಂತೂ ಮೈಯ ಒಂದೊಂದು ಕೀಲು. ಕಾವಲು ಕಾಯುವವನಿಗೆ ಏನಾದರೂ ಸಿಕ್ಕೇ ಸಿಗುತ್ತದೆ ಅಲ್ವಾ? ಸಿಕ್ಕಿದ್ದರಿಂದ ಚಿಂತೆ ಇನ್ನೂ ಹೆಚ್ಚುತ್ತದೆ. ಕೊನೆಗೆ ನಿದ್ದೆ ಉಳಿಸಿಕೊಳ್ಳಲು ಉಪಾಯ ಹೂಡುತ್ತೇವೆ. ಬೇಗ ಮಲಗುವುದು, ಮಧ್ಯಾಹ್ನ ಅಡ್ಡಾಗುವುದು, ಸಂಜೆಯ ಕೆಲಸ ಬಿಡುವುದು. ಈ ಉಪಾಯಗಳೇ ರಾತ್ರಿಯ ನಿದ್ದೆಯ ಹಸಿವನ್ನು ತಿಂದುಹಾಕುತ್ತವೆ.

ಗಡಿಯಾರದ ವಿಷಯದಲ್ಲಿ ಒಂದು ಮಜವಾದ ಪ್ರಯೋಗವಿದೆ. 2007ರಲ್ಲಿ ಮಲಗುವವರ ಎದುರು ಕೆಲವರಿಗೆ ಗಡಿಯಾರ ಇಟ್ಟರು, ಕೆಲವರಿಗೆ ಸುಮ್ನೆ ಅರ್ಥವಿಲ್ಲದ ಅಂಕಿಗಳನ್ನು ತೋರಿಸುವ ಪೆಟ್ಟಿಗೆ ಇಟ್ಟರು. ಎರಡನ್ನೂ ಆಗಾಗ ನೋಡುತ್ತಿರಬೇಕು. ಗಡಿಯಾರ ನೋಡಿದವರಿಗೆ ನಿದ್ದೆಯ ಚಿಂತೆ ಹೆಚ್ಚಾಯಿತು. ಹಾಗಾದರೆ ಬೆಳಕಿನದೋ, ಕಣ್ಣು ತೆರೆದಿದ್ದರದೋ ತಪ್ಪಲ್ಲ. ಅಂಕಿಗೆ ಅರ್ಥ ಇದ್ದದ್ದೇ ತೊಂದರೆ.

2005ರಲ್ಲಿ ಇನ್ನೊಂದು. ನಿದ್ರಾಹೀನತೆ ಇದ್ದವರ ಕೈಗೆ ಯಂತ್ರ ಕಟ್ಟಿ, ಬೆಳಗ್ಗೆ ‘ನಿಮಗೆ ಒಳ್ಳೆಯ ನಿದ್ದೆಯಾಗಿದೆ’ ಅಥವಾ ‘ಆಗಿಲ್ಲ’ ಅಂತ ಸುಳ್ಳು ವರದಿ ಕೊಟ್ಟರು. ‘ಆಗಿಲ್ಲ’ ಅಂತ ಕೇಳಿದ ದಿನ ಅವರಿಗೆ ಸುಸ್ತು, ತೂಕಡಿಕೆ ಜಾಸ್ತಿ. ಇವತ್ತು ಈ ಕೆಲಸವನ್ನು ನಮ್ಮ ಕೈಗಡಿಯಾರಗಳೇ ಮಾಡುತ್ತಿವೆ. ಬೆಳಗ್ಗೆ ಎದ್ದು ಚೆನ್ನಾಗೇ ಇರುತ್ತೇವೆ. ಪರದೆಯಲ್ಲಿ 58 ಅಂತ ಅಂಕ ನೋಡಿದ ಕೂಡಲೇ ಮೈ ಭಾರವಾಗುತ್ತದೆ. ನಿದ್ದೆಯ ಅಂಕದ ಹಿಂದೆ ಬಿದ್ದು ನಿದ್ದೆ ಕೆಡಿಸಿಕೊಳ್ಳುವುದಕ್ಕೆ 2017ರಲ್ಲಿ ಸಂಶೋಧಕರು ‘ಆರ್ಥೋಸಾಮ್ನಿಯಾ’ ಅಂತ ಹೆಸರೂ ಇಟ್ಟಾಯಿತು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಭುಜ ಹಿಡಿದುಕೊಂಡಿತು. ಎಂಟು ತಿಂಗಳು. ಇದೇ ವಿಷಯ ಬೇರೆಯವರಿಗೆ ಹೇಳುತ್ತಾ ಓಡಾಡುತ್ತಿದ್ದ ನಾನು ಮೂರು ಬಗೆಯ ದಿಂಬು ತರಿಸಿದೆ. ಒಂದು ಅಲೆಯ ಆಕಾರದ್ದು, ಒಂದು ಮಧ್ಯೆ ತೂತಿದ್ದದ್ದು, ಒಂದಕ್ಕೆ ಕಿವಿಯೇ ಇತ್ತು. ದಿಂಬು ಬದಲಿಸಿದ ರಾತ್ರಿ ‘ಇದು ಕೆಲಸ ಮಾಡುತ್ತಾ’ ಅಂತ ಕಾಯುತ್ತಾ ಎಚ್ಚರವಿರುತ್ತಿದ್ದೆ. ಒಂದು ದಿನ ಮನೆಗೆ ನೆಂಟರು ಬಂದು, ದಿಂಬು ಅವರ ಪಾಲಾಗಿ, ನಾನು ನಡುಮನೆಯಲ್ಲಿ ಮಡಚಿದ ಹೊದಿಕೆ ತಲೆಗಿಟ್ಟು ಮಲಗಿದೆ. ಬೆಳಗಿನವರೆಗೂ ಎಚ್ಚರವಿಲ್ಲ. ಭುಜ ನೋಯುತ್ತಲೇ ಇತ್ತು. ಅದನ್ನು ಗಮನಿಸಲು ನಾನೇ ಇರಲಿಲ್ಲ, ಅಷ್ಟೇ.

ಸರಿ, ಮಾಡುವುದೇನು? ‘ಹಾಗೆ ಯೋಚಿಸಬೇಡಿ’ ಅಂತ ಹೇಳಿದರೆ ಪ್ರಯೋಜನವಿಲ್ಲ. ನಂಬಿಕೆಯನ್ನು ವಾದದಲ್ಲಿ ಸೋಲಿಸಲು ಆಗುವುದಿಲ್ಲ. ಅದನ್ನು ಪರೀಕ್ಷೆಗೆ ಒಡ್ಡಬೇಕು. ಆ ಹೆಂಗಸಿಗೆ ನಾನು ಕೊಟ್ಟದ್ದು ಒಂದು ಹಾಳೆ, ಅದರಲ್ಲಿ ಎರಡು ಸಾಲು. ಮಲಗುವಾಗ ನೋವು ಹತ್ತಕ್ಕೆ ಎಷ್ಟು? ಬೆಳಗ್ಗೆ ಎದ್ದಾಗ, ನಿದ್ದೆಗೆ ಹತ್ತಕ್ಕೆ ಎಷ್ಟು ಅಂಕ? ಎರಡು ವಾರ ಬರೆಯಿರಿ, ಯೋಚನೆ ಮಾಡಬೇಡಿ, ಬರೆಯಿರಿ ಅಂದೆ. ನೋವು ಹೆಚ್ಚಿದ್ದ ರಾತ್ರಿಯೆಲ್ಲ ನಿದ್ದೆ ಕೆಟ್ಟಿರಬೇಕು, ಅವರ ನಂಬಿಕೆಯ ಪ್ರಕಾರ. ಎರಡು ವಾರ ಬಿಟ್ಟು ಹಾಳೆ ಮೇಜಿನ ಮೇಲೆ ಹರಡಿದೆವು. ನೋವಿಗೆ 7 ಹಾಕಿದ್ದ ರಾತ್ರಿಗಳಲ್ಲಿ ಎರಡಕ್ಕೆ ನಿದ್ದೆಗೂ 6 ಇತ್ತು. ನೋವು 3 ಇದ್ದ ಒಂದು ರಾತ್ರಿ ನಿದ್ದೆಗೆ 2. ಅವರು ಆ 2ರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ನೋಡಿದರು. ‘ಅವತ್ತು ಮಗಳ ಜೊತೆ ಜಗಳ ಆಗಿತ್ತು’ ಅಂದರು. ಅಷ್ಟೇ ಸಾಕಿತ್ತು ನಮಗೆ, ಶುರು ಮಾಡಲು.

ಆಮೇಲಿನದು ನಿದ್ರಾಹೀನತೆಗೆ ಮಾಡುವ ಅರಿವು ಮತ್ತು ನಡವಳಿಕೆಯ ಚಿಕಿತ್ಸೆ. ಹೆಸರು ಉದ್ದ, ಕೆಲಸ ಸರಳ. ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇದನ್ನೇ ಕೊಡಿ ಅಂತ ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು. ಇದರಲ್ಲಿ ಎರಡು ಹಳೆಯ ಉಪಾಯ ಮುಖ್ಯ. ಒಂದು 1972ರಲ್ಲಿ ರಿಚರ್ಡ್ ಬೂಟ್ಜಿನ್ ಹೇಳಿದ್ದು. ಹಾಸಿಗೆ ಅಂದರೆ ನಿದ್ದೆ ಅಂತ ಮೈಗೆ ಮತ್ತೆ ಕಲಿಸುವುದು. ನಿದ್ದೆ ಬಂದಾಗ ಮಾತ್ರ ಮಲಗಿ. ಬರದೆ ಹೊರಳಾಡುತ್ತಿದ್ದರೆ ಎದ್ದು ಬೇರೆ ಕಡೆ ಕೂತು, ತೂಕಡಿಕೆ ಬಂದಮೇಲೆ ವಾಪಸ್ ಹೋಗಿ. ನೋವಿರುವವರಿಗೆ ಇದು ಸುಲಭವಲ್ಲ, ಯಾಕೆಂದರೆ ಅವರಿಗೆ ಹಾಸಿಗೆಯೇ ಮನೆ. ಟಿವಿ, ಫೋನು, ವಿಶ್ರಾಂತಿ, ಅಳು, ಎಲ್ಲ ಅಲ್ಲೇ. ಹಗಲು ನೋವಿಗೆ ಅಡ್ಡಾಗಲೇಬೇಕಾದರೆ ಬೇರೆ ಕಡೆ ಅಡ್ಡಾಗಿ ಅಂತ ನಾನು ಹೇಳುತ್ತೇನೆ. ಮಂಚದ ಮೇಲೆ ಬೇಡ.

ಇನ್ನೊಂದು 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ಹೇಳಿದ್ದು. ಅದು ಕೇಳಿದರೆ ಎಲ್ಲರೂ ನನ್ನ ಮೇಲೆ ಸಿಟ್ಟಾಗುತ್ತಾರೆ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕಡಿಮೆ ಮಾಡುವುದು. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಒಬ್ಬರು ಹಾಸಿಗೆಯಲ್ಲಿದ್ದಾರೆ, ಅಂದರೆ 9 ಗಂಟೆ. ನಿಜವಾಗಿ ಮಲಗಿದ್ದು ಐದೂವರೆ ಗಂಟೆ. ಭಾಗಿಸಿದರೆ ಸುಮಾರು 61 ಪರ್ಸೆಂಟ್. ಅವರಿಗೆ ಸಿಗುವ ಸಲಹೆ ಹೀಗಿರಬಹುದು: ಹನ್ನೆರಡೂವರೆಗೆ ಮಲಗಿ, ಆರೂವರೆಗೆ ಏಳಿ. ‘ಮೊದಲೇ ನಿದ್ದೆಯಿಲ್ಲ, ಇರೋದನ್ನೂ ಕಿತ್ಕೊಳ್ತೀರಾ?’ ಅಂತಾರೆ. ಕಿತ್ತುಕೊಳ್ಳುವುದು ಎಚ್ಚರದ ಹೊತ್ತನ್ನು. ನಿದ್ದೆ ಒತ್ತಿಕೊಂಡು ಗಟ್ಟಿಯಾಗುತ್ತದೆ. 85 ಪರ್ಸೆಂಟ್ ದಾಟಿದ ಮೇಲೆ ಹದಿನೈದು ನಿಮಿಷ, ಅರ್ಧ ಗಂಟೆ ಅಂತ ಸೇರಿಸುತ್ತಾ ಹೋಗುತ್ತೇವೆ. ಮೊದಲ ಎರಡು ವಾರ ಹಗಲು ತೂಕಡಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಐದು ಗಂಟೆಗಿಂತ ಕಡಿಮೆ ಮಾಡುವುದಿಲ್ಲ. ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ ಇರುವವರು, ವಾಹನ ಓಡಿಸುವ ಕೆಲಸದವರು ಇದನ್ನು ತಾವೇ ಮಾಡಿಕೊಳ್ಳಬಾರದು. ಜೋರು ಗೊರಕೆ, ಉಸಿರು ಕಟ್ಟುವುದು, ರಾತ್ರಿ ಕಾಲು ಸೆಳೆತ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಬಲವಾದ ಓಪಿಯಾಯ್ಡ್ ನೋವುಮಾತ್ರೆಗಳೂ ನಿದ್ದೆಯಲ್ಲಿ ಉಸಿರಾಟಕ್ಕೆ ತೊಂದರೆ ಕೊಡಬಹುದು, ಅದನ್ನೂ ಕೇಳಿ.

ಈಗ ಬಂದ ಪ್ರಶ್ನೆಗಳು.

‘ಅಂದ್ರೆ ನನ್ನ ನೋವು ಬರೀ ಮನಸ್ಸಿಂದು ಅಂತೀರಾ?’ ಖಂಡಿತ ಇಲ್ಲ. ನಿಮ್ಮ ನೋವು ನಿಜ. ನೋವಿನಿಂದ ಎಚ್ಚರವಾಗುವುದೂ ನಿಜ. ಆ ಎಚ್ಚರದ ಬೆನ್ನಿಗೆ ಬರುವ ಯೋಚನೆಯ ಬಗ್ಗೆ ಮಾತ್ರ ನಾನು ಮಾತಾಡಿದ್ದು. ಈ ಚಿಕಿತ್ಸೆಯಿಂದ ನೋವು ಮಾಯವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೋವಿರುವವರಲ್ಲೂ ನಿದ್ದೆ ಚೆನ್ನಾಗಿಯೇ ಸುಧಾರಿಸುತ್ತದೆ. ನೋವಿನಲ್ಲಿ ಕಾಣುವ ಇಳಿಕೆ ಚಿಕ್ಕದು, ಕೆಲವರಿಗೆ ಇಲ್ಲವೇ ಇಲ್ಲ.

‘ಎಂಟು ಗಂಟೆ ಆಗಲೇಬೇಕಲ್ವಾ?’ ವಯಸ್ಕರಿಗೆ 7 ಗಂಟೆ ಅಥವಾ ಅದಕ್ಕಿಂತ ಜಾಸ್ತಿ, ದಿನವೂ ರೂಢಿಯಾಗಿ ಅಂತ ಅಮೆರಿಕದ ನಿದ್ರಾ ತಜ್ಞರ ಸಂಘಗಳು 2015ರಲ್ಲಿ ಹೇಳಿದವು. ‘ರೂಢಿಯಾಗಿ’ ಅನ್ನುವ ಪದ ಗಮನಿಸಿ. ನಿನ್ನೆ ರಾತ್ರಿಗೆ ಅದು ತೀರ್ಪಲ್ಲ.

‘ಮಾತ್ರೆ?’ ನಿಮ್ಮ ವೈದ್ಯರನ್ನು ಕೇಳದೆ ಶುರು ಮಾಡಬೇಡಿ, ಕೇಳದೆ ನಿಲ್ಲಿಸಲೂ ಬೇಡಿ.

ಎಲ್ಲ ಮುಗಿದು ವೈರು ಸುತ್ತುತ್ತಿದ್ದಾಗ ವಯಸ್ಸಾದವರೊಬ್ಬರು ಹತ್ತಿರ ಬಂದರು. ಮಂಡಿಗೆ ಪಟ್ಟಿ ಕಟ್ಟಿದ್ದರು. ‘ಇಷ್ಟೆಲ್ಲ ನೆನಪಿರಲ್ಲ. ಇವತ್ತು ರಾತ್ರಿ ಮಾಡೋ ಅಂಥದ್ದು ಒಂದೇ ಒಂದು ಹೇಳಿ’ ಅಂದರು. ಗಂಟೆ ನೋಡಬೇಡಿ ಅಂದೆ.

‘ಬೆಳಗ್ಗೆ ಅಲಾರಂ ಬೇಕಲ್ಲ, ಮೊಬೈಲ್ ಎಲ್ಲಿಡಲಿ?’

‘ಸದ್ದು ಕೇಳಬೇಕು, ಕೈಗೆ ಎಟುಕಬಾರದು. ಅಷ್ಟು ದೂರದಲ್ಲಿಡಿ.’

‘ಬೀರು ಮೇಲೆ?’

‘ಬೀರು ಮೇಲೆ ಸರಿ.’

‘ಏಳಬೇಕಾಗುತ್ತೆ ಆಗ. ಈ ಮಂಡಿ ಇಟ್ಕೊಂಡು ನೋಡಕ್ಕೆ ಯಾರು ಏಳ್ತಾರೆ’ ಅಂತ ನಕ್ಕು, ಕೋಲು ಊರಿಕೊಂಡು ಹೊರಟರು.